ಗಿಳಿಗೆ ಫಂಗಸ್ ಔಷಧಿ: ಮೊದಲು ತಕ್ಕಡಿ, ಆಮೇಲೆ ಸಿರಿಂಜ್

ಬೆಳಿಗ್ಗೆ ಪಂಜರದ ಬಟ್ಟೆ ಸರಿಸಿದರೆ ನಮ್ಮ ಕಾಕಟೀಲ್ (ಜುಟ್ಟಿರುವ ಸಣ್ಣ ಗಿಳಿ) ಮರಿ ತಲೆ ಕೊಡವುತ್ತಾ ಕೂತಿತ್ತು. ಹಣೆಯ ಪುಕ್ಕವೆಲ್ಲ ಅಂಟಂಟು. ಹತ್ತಿರ ಹೋದರೆ ಹುಳಿ ಬಂದ ದೋಸೆ ಹಿಟ್ಟಿನ ವಾಸನೆ. ರಾತ್ರಿ ಒಂಬತ್ತಕ್ಕೆ ಉಣಿಸಿದ ಗಂಜಿ ಬೆಳಿಗ್ಗೆ ಆರೂವರೆಯಾದರೂ ಕತ್ತಿನ ಬುಡದ ಮೇವುಚೀಲದಲ್ಲಿ ಹಾಗೇ ಉಳಿದಿತ್ತು. ಬೆರಳಲ್ಲಿ ಮುಟ್ಟಿದರೆ ನೀರು ತುಂಬಿದ ಬಲೂನಿನ ಹಾಗೆ ಜುಳುಜುಳು. ಮರಿ ಮಾರಿದ ಅಂಗಡಿಯವರು "ಹೊಟ್ಟೆ ಕೆಟ್ರೆ ನೀರಿಗೆ ಹಾಕಿ" ಅಂತ ಕೊಟ್ಟಿದ್ದ ಹಳದಿ ಪುಡಿಯನ್ನು ಅದರ ಹಿಂದಿನ ವಾರ ಐದು ದಿನ ಹಾಕಿದ್ದೆ. ಅದು ಆ್ಯಂಟಿಬಯೋಟಿಕ್ ಎಂದು ಆಮೇಲೆ ತಿಳಿಯಿತು. ಒಳ್ಳೆಯ ಬ್ಯಾಕ್ಟೀರಿಯಾ ಖಾಲಿ ಮಾಡಿದ ಜಾಗಕ್ಕೆ ಯೀಸ್ಟ್ ಎಂಬ ಫಂಗಸ್ ಬಂದು ಸಂಸಾರ ಹೂಡಿತ್ತು. ಕೇಳದೆ ಹಾಕಿದ್ದು ನಾನೇ, ಆದ್ದರಿಂದ ತಪ್ಪು ನನ್ನದೂ ಹೌದು.

ಮನೆಯಲ್ಲಿ ಫ್ಲೂಕೊನಜೋಲ್ ಎಂಬ, ಮನುಷ್ಯರ ಫಂಗಸ್‌ಗೆ ಕೊಡುವ 150 ಮಿಲಿಗ್ರಾಂ ಮಾತ್ರೆಯೊಂದು ಉಳಿದಿತ್ತು. ಕೈ ಸೀದಾ ಅದರತ್ತ ಹೋಯಿತು. ಪುಣ್ಯಕ್ಕೆ ಕೊಡುವ ಮುಂಚೆ ಲೆಕ್ಕ ಹಾಕಿದೆ. ಗಿಳಿ ಜಾತಿಯ ಹಕ್ಕಿಗಳಿಗೆ ಈ ಔಷಧಿಯನ್ನು ಸಾಮಾನ್ಯವಾಗಿ ಕಿಲೋ ತೂಕಕ್ಕೆ ದಿನಕ್ಕೆ 5ರಿಂದ 10 ಮಿಲಿಗ್ರಾಂನಂತೆ ಕೊಡುತ್ತಾರೆ. ನನ್ನ ಮರಿ ಇದ್ದದ್ದು 80 ಗ್ರಾಂ, ಅದಕ್ಕೆ ಹೆಚ್ಚೆಂದರೆ 0.8 ಮಿಲಿಗ್ರಾಂ ಸಾಕು. ಅಂದರೆ ಆ ಒಂದು ಮಾತ್ರೆಯಲ್ಲಿ ಆರು ತಿಂಗಳ ಔಷಧಿ ಇತ್ತು. ಚಾಕು ಹಿಡಿದು ಮಾತ್ರೆಯನ್ನು 187 ಚೂರು ಮಾಡಲು ಯಾರಿಂದಾದೀತು? "ಒಂಚೂರು ಪುಡಿ" ಎಂದು ಬೆರಳ ತುದಿಯಲ್ಲಿ ಹಾಕಿದ್ದರೆ ಹತ್ತು ಪಟ್ಟೋ ಇಪ್ಪತ್ತು ಪಟ್ಟೋ ಹೊಟ್ಟೆಗೆ ಹೋಗುತ್ತಿತ್ತು.

ಇಷ್ಟೆಲ್ಲ ಬರೆಯುತ್ತಿರುವುದು ನೀವೇ ಡಾಕ್ಟರಾಗಿ ಎಂದಲ್ಲ. ಪಕ್ಷಿ ನೋಡುವ ಪಶುವೈದ್ಯರು ಔಷಧಿ ಬರೆದುಕೊಟ್ಟ ಮೇಲೆ ಮನೆಯಲ್ಲಿ ಅದನ್ನು ಸರಿಯಾಗಿ ಕೊಡುವುದು ಹೇಗೆ, ಅವರ ಬಳಿ ಏನು ಕೇಳಬೇಕು, ಯಾವುದನ್ನು ಮುಟ್ಟಲೇಬಾರದು ಎಂಬುದಕ್ಕೆ. ಇಲ್ಲಿರುವ ಪ್ರಮಾಣಗಳು ಚೀಟಿಯನ್ನು ಓದಿ ಅರ್ಥ ಮಾಡಿಕೊಳ್ಳಲಷ್ಟೇ, ಚೀಟಿಯ ಬದಲಿಗಲ್ಲ.

ಒಂದನೇ ಹೆಜ್ಜೆ: ಯಾವ ಫಂಗಸ್?

"ಗಿಳಿಗೆ ಫಂಗಸ್ ಆಗಿದೆ, ಯಾವ ಔಷಧಿ?" ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ನಮ್ಮ ಮನೆಗಳಲ್ಲಿ ಕಾಣುವುದು ಮುಖ್ಯವಾಗಿ ಮೂರು ಕಾಯಿಲೆ. ಒಂದರ ಔಷಧಿ ಇನ್ನೊಂದಕ್ಕೆ ನಾಟಬೇಕೆಂದಿಲ್ಲ.

ಮೊದಲನೆಯದು ಕ್ಯಾಂಡಿಡಾ. ಇದು ಯೀಸ್ಟ್. ಆರೋಗ್ಯವಾಗಿರುವ ಹಕ್ಕಿಯ ಹೊಟ್ಟೆಯಲ್ಲೂ ನಾಲ್ಕಾರು ಇರುತ್ತವೆ, ತೊಂದರೆ ಕೊಡುವುದಿಲ್ಲ. ಕೈಯಲ್ಲಿ ಉಣಿಸುವ ಮರಿ, ಆ್ಯಂಟಿಬಯೋಟಿಕ್ ತಿಂದ ಹಕ್ಕಿ, ಬರೀ ಕಾಳು ತಿಂದು ವಿಟಮಿನ್ ಎ ಕಡಿಮೆಯಾದ ಹಕ್ಕಿ, ಇವು ಸಿಕ್ಕರೆ ಮಾತ್ರ ಮೇಲೇಳುತ್ತದೆ. ಬಾಯೊಳಗೆ ಮೊಸರು ಅಂಟಿದಂತೆ ಬಿಳಿ ಪದರ, ಖಾಲಿಯಾಗದ ಮೇವುಚೀಲ, ಹುಳಿ ವಾಸನೆಯ ವಾಂತಿ ಇದರ ಗುರುತು. ಜೋರಾದಾಗ ಮೇವುಚೀಲದ ಒಳಪದರ ದಪ್ಪಗಾಗಿ ಟವೆಲ್ಲಿನ ಹಾಗೆ ತರಿತರಿಯಾಗುತ್ತದೆ.

ಎರಡನೆಯದು ಬಡ್ಜಿ (ಬಜರಿಗರ್ ಎಂಬ ಪುಟ್ಟ ಗಿಳಿ) ಸಾಕುವವರ ಶತ್ರು. ಲವ್‌ಬರ್ಡ್, ಕಾಕಟೀಲ್‌ಗಳನ್ನೂ ಬಿಡುವುದಿಲ್ಲ. ಹೆಸರು ಮ್ಯಾಕ್ರೊರ‍್ಯಾಬ್ಡಸ್. ಬಹಳ ಕಾಲ ಇದನ್ನು ದೊಡ್ಡ ಬ್ಯಾಕ್ಟೀರಿಯಾ ಎಂದುಕೊಂಡು 'ಮೆಗಾಬ್ಯಾಕ್ಟೀರಿಯಾ' ಎನ್ನುತ್ತಿದ್ದರು. ಯೀಸ್ಟ್ ಎಂದು ಖಚಿತವಾಗಿ ಈಗಿನ ಹೆಸರು ಬಂದದ್ದು 2003ರಲ್ಲಿ. ಇದು ಹಕ್ಕಿಯ ಎರಡು ಜಠರಗಳು ಸೇರುವ ಕಡೆ ಕಡ್ಡಿಗಳಂತೆ ಒತ್ತೊತ್ತಾಗಿ ಬೆಳೆಯುತ್ತದೆ. ಹಕ್ಕಿ ದಿನವಿಡೀ ಬಟ್ಟಲ ಮುಂದೆಯೇ ಇರುತ್ತದೆ, ಕಾಳು ಬಿಡಿಸುತ್ತಲೇ ಇರುತ್ತದೆ, ಎದೆಮೂಳೆ ಮಾತ್ರ ಚಾಕುವಿನಂತೆ ಎದ್ದು ಬರುತ್ತದೆ. ಹಿಕ್ಕೆಯಲ್ಲಿ ಇಡೀ ಕಾಳು ಕಂಡರೆ ಅನುಮಾನ ಪಡಿ. ಎಷ್ಟೋ ಜನ "ಚೆನ್ನಾಗಿ ತಿಂತಿದೆ ಸಾರ್" ಎನ್ನುತ್ತಿರುವಾಗಲೇ ಅದು ಹೋಗಿರುತ್ತದೆ.

ಮೂರನೆಯದು ಆಸ್ಪರ್ಜಿಲಸ್, ಅಂದರೆ ಬೂಷ್ಟು. ಒದ್ದೆ ಕಡಲೆಕಾಯಿ, ಹಳೇ ಹುಲ್ಲು, ಗಾಳಿಯಾಡದ ಮೂಲೆಯಿಂದ ಅದರ ಬೀಜಕಣ ಉಸಿರಿನೊಡನೆ ಒಳಗೆ ಹೋಗಿ ಶ್ವಾಸಕೋಶದಲ್ಲಿ, ಗಾಳಿಚೀಲಗಳಲ್ಲಿ ಬೇರೂರುತ್ತದೆ. ಆಫ್ರಿಕನ್ ಗ್ರೇ, ಅಮೆಜಾನ್, ಪಯೋನಸ್ ಗಿಳಿಗಳಿಗೆ ಇದರ ಕಾಟ ಜಾಸ್ತಿ. ದನಿ ಒಡೆಯುವುದು, ಮಾತು ನಿಲ್ಲಿಸುವುದು, ಸ್ವಲ್ಪ ಹಾರಿದರೂ ಏದುಸಿರು, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುವುದು ಲಕ್ಷಣಗಳು. ಒಂದು ಹಕ್ಕಿಯಿಂದ ಇನ್ನೊಂದಕ್ಕೆ ಅಂಟುವ ಜಾಡ್ಯವಲ್ಲ ಇದು. ಆದರೆ ಒಂದೇ ಕೋಣೆಯ ಗಾಳಿ ಉಸಿರಾಡಿದ ಎರಡೂ ಹಕ್ಕಿಗೆ ಬರಬಹುದು.

ಫಂಗಸ್ ಅಲ್ಲದೆಯೂ ಫಂಗಸ್‌ನಂತೆ ಕಾಣುವ ಎರಡನ್ನು ಇಲ್ಲೇ ಹೇಳಿಬಿಡುತ್ತೇನೆ. ಬಡ್ಜಿಯ ಕೊಕ್ಕಿನ ಸುತ್ತ, ಕಾಲಿನ ಮೇಲೆ ಜೇನುಗೂಡಿನಂತೆ ಸಣ್ಣ ತೂತುಗಳಿರುವ ಬೂದುಬಿಳಿ ಹಕ್ಕಳೆ ಕಟ್ಟಿದರೆ ಅದು ಬಹುಪಾಲು ಮೈಟ್ ಎಂಬ ಹುಳದ ಕೆಲಸ. ತಿಂಗಳುಗಟ್ಟಲೆ ಫಂಗಸ್ ಮುಲಾಮು ಹಚ್ಚಿದರೂ ಹೋಗುವುದಿಲ್ಲ. ಇನ್ನು ಉಸಿರಾಟದ ತೊಂದರೆಯೊಡನೆ ಹಸಿರು ಹಿಕ್ಕೆ, ಕಣ್ಣು ಮೂಗಿನಲ್ಲಿ ನೀರು ಕಂಡರೆ ಸಿಟಕೋಸಿಸ್ ಇರಬಹುದು. ಅದು ಬ್ಯಾಕ್ಟೀರಿಯಾದ ರೋಗ, ಮನುಷ್ಯರಿಗೂ ಬರುತ್ತದೆ. ಮಾಸ್ಕ್ ಹಾಕಿಕೊಂಡೇ ಪಂಜರ ಮುಟ್ಟಿ.

ಎರಡನೇ ಹೆಜ್ಜೆ: ಡಾಕ್ಟರ ಬಳಿ ಹೋಗುವಾಗ

ಫೋನ್ ಮಾಡಿ "ಪಕ್ಷಿ ನೋಡ್ತೀರಾ?" ಎಂದು ಮೊದಲೇ ಕೇಳಿ. ದನ, ನಾಯಿ ನೋಡುವ ಎಲ್ಲರೂ ಗಿಳಿ ನೋಡುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಹತ್ತಿರದಲ್ಲಿ ಯಾರೂ ಸಿಗದಿದ್ದರೆ ಹೆಬ್ಬಾಳದಂಥ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಹೊರಡುವ ಬೆಳಿಗ್ಗೆ ಪಂಜರದ ತಳಕ್ಕೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಹಾಸಿ, ತಾಜಾ ಹಿಕ್ಕೆಯನ್ನು ಒಣಗದಂತೆ ಸಣ್ಣ ಡಬ್ಬಿಯಲ್ಲಿ ಒಯ್ಯಿರಿ. ಮ್ಯಾಕ್ರೊರ‍್ಯಾಬ್ಡಸ್ ಪತ್ತೆಗೆ ತಾಜಾ ಹಿಕ್ಕೆಯನ್ನು ಗಾಜಿನ ಮೇಲಿಟ್ಟು ಮೈಕ್ರೊಸ್ಕೋಪಿನಲ್ಲಿ ನೋಡುವುದೇ ಮೊದಲ ದಾರಿ. ಆ ಕಡ್ಡಿಗಳು ದಿನವೂ ಉದುರುವುದಿಲ್ಲ, ಹಾಗಾಗಿ ಒಮ್ಮೆ ಸಿಗದಿದ್ದರೆ "ಇಲ್ಲ" ಎಂದು ತೀರ್ಮಾನಿಸುವಂತಿಲ್ಲ. ಕ್ಯಾಂಡಿಡಾಕ್ಕೆ ಬಾಯಿಯ ಅಥವಾ ಮೇವುಚೀಲದ ದ್ರವ ತೆಗೆದು ಬಣ್ಣ ಹಾಕಿ ನೋಡುತ್ತಾರೆ. ಮೊಗ್ಗೊಡೆಯುತ್ತಿರುವ ಯೀಸ್ಟ್ ತುಂಬಾ ಇದ್ದರೆ ಅಥವಾ ಎಳೆ ಬಿಟ್ಟಿದ್ದರೆ ಕಾಯಿಲೆ ಎಂದರ್ಥ. ಆಸ್ಪರ್ಜಿಲಸ್ ಹಿಡಿಯುವುದು ಇವೆರಡಕ್ಕಿಂತ ಕಷ್ಟ. ಎಕ್ಸ್‌ರೇ, ರಕ್ತ ಪರೀಕ್ಷೆ, ಸಾಧ್ಯವಿದ್ದ ಕಡೆ ಎಂಡೋಸ್ಕೋಪಿ ಎಲ್ಲ ಬೇಕಾಗುತ್ತವೆ, ಖರ್ಚೂ ಹಾಗೇ.

ಈಗಾಗಲೇ ಕೊಟ್ಟಿರುವ ಪುಡಿ, ಡ್ರಾಪ್ಸ್, ಕಷಾಯ ಏನೇ ಇರಲಿ, ನಾಚಿಕೆ ಬಿಟ್ಟು ತೋರಿಸಿ. ನಾನು ಹಳದಿ ಪುಡಿಯ ಪೊಟ್ಟಣ ತೋರಿಸಿದ್ದರಿಂದಲೇ ಡಾಕ್ಟರಿಗೆ ಅರ್ಧ ಉತ್ತರ ಸಿಕ್ಕಿತ್ತು.

ನಮ್ಮೂರ ಹಸಿರು ಗಿಳಿಯನ್ನು ಇಟ್ಟುಕೊಂಡವರಿಗೆ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಮನೆಯಲ್ಲಿ ಸಾಕುವುದು ಅಪರಾಧ. ಗಾಯಗೊಂಡೋ ಕಾಯಿಲೆ ಬಿದ್ದೋ ಸಿಕ್ಕಿದ್ದರೆ ಅರಣ್ಯ ಇಲಾಖೆಗೆ ಇಲ್ಲವೇ ವನ್ಯಜೀವಿ ಪುನರ್ವಸತಿ ಕೇಂದ್ರಕ್ಕೆ ತಲುಪಿಸಿ. ಔಷಧಿ ಅಲ್ಲಿಯೇ ಆಗಲಿ.

ಮೂರನೇ ಹೆಜ್ಜೆ: ಬರೆದುಕೊಟ್ಟ ಔಷಧಿ ಏನು ಮಾಡುತ್ತದೆ?

ನಿಸ್ಟಾಟಿನ್ ಕ್ಯಾಂಡಿಡಾಕ್ಕೆ ಹಳೆಯ, ನಂಬಿಕಸ್ತ ಔಷಧಿ. 1950ರ ಹೊತ್ತಿಗೆ ಎಲಿಜಬೆತ್ ಹೇಜನ್, ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು ಮಣ್ಣಿನ ಸೂಕ್ಷ್ಮಜೀವಿಯಿಂದ ಕಂಡುಹಿಡಿದದ್ದು. ಅವರು ಕೆಲಸ ಮಾಡುತ್ತಿದ್ದ ನ್ಯೂಯಾರ್ಕ್ ಸ್ಟೇಟ್‌ನ ಹೆಸರನ್ನೇ ಔಷಧಿಗೆ ಇಟ್ಟರು. ಇದರ ಗುಣವೂ ದೋಷವೂ ಒಂದೇ: ಕರುಳಿನಿಂದ ರಕ್ತಕ್ಕೆ ಹೋಗುವುದು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಲಿವರಿಗೆ, ಕಿಡ್ನಿಗೆ ಭಯವಿಲ್ಲ. ಆದರೆ ಯೀಸ್ಟನ್ನು ನೇರವಾಗಿ ಮುಟ್ಟಿದರೆ ಮಾತ್ರ ಕೊಲ್ಲುತ್ತದೆ. ಗಂಜಿ ತುಂಬಿದ ಮೇವುಚೀಲಕ್ಕೆ ಹಾಕಿದರೆ ಗಂಜಿಯಲ್ಲಿ ಕಲಸಿಹೋಗುತ್ತದೆ. ಹೊಟ್ಟೆ ಖಾಲಿಯಿರುವಾಗ ಕೊಟ್ಟು, ಹತ್ತು ಹದಿನೈದು ನಿಮಿಷ ಬಿಟ್ಟು ಆಹಾರ ಕೊಡಬೇಕು. ಬಾಯಲ್ಲಿ ಬಿಳಿ ಪದರವಿದ್ದರೆ ಟ್ಯೂಬಿನಲ್ಲಿ ಸೀದಾ ಒಳಗೆ ಇಳಿಸಿದರೂ ಪ್ರಯೋಜನವಿಲ್ಲ, ಬಾಯಿ ಹಾಗೇ ಉಳಿಯುತ್ತದೆ.

ನಿಸ್ಟಾಟಿನ್ ಸಾಲದಾದಾಗ, ಸೋಂಕು ಒಳಪದರಕ್ಕೆ ಇಳಿದಾಗ ಫ್ಲೂಕೊನಜೋಲ್. ಇದು ರಕ್ತಕ್ಕೆ ಹೋಗುತ್ತದೆ. ಬಡ್ಜಿಗಳಲ್ಲಿ ಇದರಿಂದ ಸಾವು ಸಂಭವಿಸಿದ ವರದಿಗಳಿವೆ, ಅದಕ್ಕೇ ಅವುಗಳಿಗೆ ಕೊಡುವಾಗ ಡಾಕ್ಟರು ಕೈ ಬಿಗಿ ಹಿಡಿಯುತ್ತಾರೆ. ಮ್ಯಾಕ್ರೊರ‍್ಯಾಬ್ಡಸ್‌ಗೆ ಫ್ಲೂಕೊನಜೋಲ್ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಕೊಡುವುದು ಆಂಫೊಟೆರಿಸಿನ್ ಬಿ, ಅದೂ ಬಾಯಿಯ ಮೂಲಕ, ಕಿಲೋಗೆ 100 ಮಿಲಿಗ್ರಾಂನಷ್ಟು ದೊಡ್ಡ ಪ್ರಮಾಣದಲ್ಲಿ, ದಿನಕ್ಕೆ ಎರಡು ಸಲ, ಎರಡರಿಂದ ನಾಲ್ಕು ವಾರ. ಬಾಯಿಗೆ ಹಾಕಿದ್ದು ಜೀರ್ಣಾಂಗದಲ್ಲೇ ಉಳಿಯುವುದರಿಂದ ಅಷ್ಟು ಕೊಡಬಹುದು. ಇದೇ ಔಷಧಿಯನ್ನು ರಕ್ತನಾಳಕ್ಕೆ ಕೊಡುವಾಗ ಪ್ರಮಾಣ ಕಿಲೋಗೆ 1.5 ಮಿಲಿಗ್ರಾಂ ಆಸುಪಾಸು, ಕಿಡ್ನಿಯ ಮೇಲೆ ಕಣ್ಣಿಟ್ಟೇ ಇರಬೇಕು. ಎರಡು ಲೆಕ್ಕ ಅದಲುಬದಲಾದರೆ ಹಕ್ಕಿ ಉಳಿಯುವುದಿಲ್ಲ. ಆದ್ದರಿಂದ ಕುಡಿಸುವ ದ್ರಾವಣವನ್ನು ಡಾಕ್ಟರಿಂದಲೇ ತಯಾರಾಗಿ ತನ್ನಿ.

ಆಸ್ಪರ್ಜಿಲಸ್‌ಗೆ ಬಂದರೆ ಮಾತು ವಾರಗಳದ್ದಲ್ಲ, ತಿಂಗಳುಗಳದ್ದು. ಗಾಳಿಚೀಲದ ಗೋಡೆಯಲ್ಲಿ ರಕ್ತನಾಳ ಬಹಳ ಕಡಿಮೆ. ಬೂಷ್ಟಿನ ಸುತ್ತ ಹಕ್ಕಿಯ ದೇಹವೇ ಗಟ್ಟಿ ಗಂಟು ಕಟ್ಟಿರುತ್ತದೆ. ರಕ್ತದಲ್ಲಿ ಬರುವ ಔಷಧಿ ಆ ಗಂಟಿನ ಒಳಗೆ ಇಳಿಯಲು ಒದ್ದಾಡುತ್ತದೆ. ಇಟ್ರಾಕೊನಜೋಲ್, ವೊರಿಕೊನಜೋಲ್, ಟರ್ಬಿನಾಫಿನ್ ಇಲ್ಲಿ ಬಳಕೆಯ ಹೆಸರುಗಳು. ಜಾತಿಯಿಂದ ಜಾತಿಗೆ ಎಷ್ಟು ವ್ಯತ್ಯಾಸ ನೋಡಿ. ಇಟ್ರಾಕೊನಜೋಲ್ ಬಹಳ ಗಿಳಿಗಳಿಗೆ ಕಿಲೋಗೆ 5ರಿಂದ 10 ಮಿಲಿಗ್ರಾಂ ನಡೆಯುತ್ತದೆ. ಆಫ್ರಿಕನ್ ಗ್ರೇಗೆ ಮಾತ್ರ ಒಗ್ಗುವುದು ಕಷ್ಟ. ಊಟ ಬಿಡುತ್ತದೆ, ಮಂಕಾಗುತ್ತದೆ. ಹಲವರು ಅದಕ್ಕೆ ಇದನ್ನು ಕೊಡುವುದೇ ಇಲ್ಲ, ಕೊಟ್ಟರೂ ಅರ್ಧಕ್ಕಿಂತ ಕಡಿಮೆ. ವೊರಿಕೊನಜೋಲನ್ನು ಗ್ರೇಗೆ ದಿನಕ್ಕೆ ಎರಡು ಬಾರಿ ಕೊಟ್ಟರೆ, ಅಮೆಜಾನ್ ಗಿಳಿಯ ದೇಹ ಬೇಗ ಹೊರಹಾಕುವುದರಿಂದ ಎಂಟು ಗಂಟೆಗೊಮ್ಮೆ ಬೇಕಾಗುತ್ತದೆ. "ನನ್ನ ಸ್ನೇಹಿತನ ಗಿಳಿಗೆ ಇಷ್ಟು ಕೊಟ್ಟಿದ್ರು" ಎಂಬುದು ಎಷ್ಟು ಅಪಾಯದ ಮಾತು ಎಂಬುದಕ್ಕೆ ಇದು ಸಾಕು. ಇನ್ನೊಂದು: ನಿಸ್ಟಾಟಿನ್ ಖಾಲಿ ಹೊಟ್ಟೆಗಾದರೆ, ಇಟ್ರಾಕೊನಜೋಲ್ ಕ್ಯಾಪ್ಸೂಲಿನ ಔಷಧಿ ಆಹಾರದ ಜೊತೆ ಕೊಟ್ಟಾಗ ಚೆನ್ನಾಗಿ ಹೀರಿಕೊಳ್ಳುತ್ತದೆ. ಆ ಕ್ಯಾಪ್ಸೂಲಿನೊಳಗಿನ ಕಾಳುಗಳು ನೀರಿನಲ್ಲಿ ಕರಗುವುದಿಲ್ಲ, ಕಲಸಿದರೆ ಮೊದಲ ಹನಿಗೂ ಕೊನೆಯ ಹನಿಗೂ ಅಜಗಜಾಂತರ.

ಮೆಡಿಕಲ್ ಶಾಪಿನಲ್ಲಿ ಸಿಗುವ ಚರ್ಮದ ಕ್ರೀಮು ಬೇಡವೇ ಬೇಡ. ನಮ್ಮಲ್ಲಿ ಫಂಗಸ್ ಕ್ರೀಮುಗಳಲ್ಲಿ ಎಷ್ಟೋ ಸ್ಟಿರಾಯ್ಡ್ ಬೆರೆತವು. ಹಕ್ಕಿಗಳಿಗೆ ಸ್ಟಿರಾಯ್ಡ್ ಚರ್ಮದ ಮೂಲಕ ಹೋದರೂ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಅಂದರೆ ಫಂಗಸ್‌ಗೆ ನೀವೇ ಬಾಗಿಲು ತೆರೆದಂತೆ. ಜಿಡ್ಡು ಪುಕ್ಕಕ್ಕೆ ಮೆತ್ತಿಕೊಂಡು, ಅದನ್ನು ಕೊಕ್ಕಿನಿಂದ ಸವರಿ ನುಂಗುವುದು ಬೇರೆ.

ನಾಲ್ಕನೇ ಹೆಜ್ಜೆ: ತೂಕ, ಲೆಕ್ಕ, ಸಿರಿಂಜ್

ಒಂದು ಗ್ರಾಂ ತೋರಿಸುವ ಡಿಜಿಟಲ್ ಅಡುಗೆ ತಕ್ಕಡಿ ಕೊಳ್ಳಿ. ಅದರ ಮೇಲೆ ಸಣ್ಣ ಕೋಲು ಅಥವಾ ಡಬ್ಬಿ ಇಟ್ಟು ಸೊನ್ನೆ ಮಾಡಿ ಹಕ್ಕಿಯನ್ನು ಕೂರಿಸಿ. ದಿನವೂ ಬೆಳಿಗ್ಗೆ, ಹಿಕ್ಕೆ ಹಾಕಿದ ಮೇಲೆ, ಊಟಕ್ಕೆ ಮುಂಚೆ. ಬಡ್ಜಿ 30ರಿಂದ 40 ಗ್ರಾಂ, ಕಾಕಟೀಲ್ 80ರಿಂದ 100, ಆಫ್ರಿಕನ್ ಗ್ರೇ 400ರಿಂದ 500 ಗ್ರಾಂ ಸುಮಾರಿಗೆ ಇರುತ್ತವೆ. 35 ಗ್ರಾಂ ಬಡ್ಜಿ 4 ಗ್ರಾಂ ಕಳೆದುಕೊಂಡರೆ ಮೈಯ ಹತ್ತನೇ ಒಂದು ಭಾಗ ಹೋದಂತೆ. ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಗೆ ಕಾಣುತ್ತದೆ.

ನನ್ನ ಮರಿಯ ಲೆಕ್ಕ ಹೀಗಿತ್ತು. ನಿಸ್ಟಾಟಿನ್ ಕಿಲೋಗೆ 3,00,000 ಯೂನಿಟ್. 80 ಗ್ರಾಂ ಅಂದರೆ 0.08 ಕಿಲೋ. ಗುಣಿಸಿದರೆ 24,000 ಯೂನಿಟ್. ಬಾಟಲಿಯಲ್ಲಿ ಒಂದು ಎಂಎಲ್‌ಗೆ 1,00,000 ಯೂನಿಟ್. ಹಾಗಾಗಿ 0.24 ಎಂಎಲ್. ಡಾಕ್ಟರು ಹೇಳಿದ್ದು ದಿನಕ್ಕೆ ಎರಡು ಬಾರಿ, ಹತ್ತು ದಿನ. ನಿಮ್ಮ ಚೀಟಿಯಲ್ಲಿ ಕಿಲೋಗೆ ಎಷ್ಟು, ಬಾಟಲಿಯ ಸಾಂದ್ರತೆ ಎಷ್ಟು, ಎಂಎಲ್ ಎಷ್ಟು, ಎಷ್ಟು ದಿನ, ಹೊಟ್ಟೆ ಖಾಲಿಯೋ ತುಂಬಿಯೋ, ಈ ಐದೂ ಬರೆಸಿಕೊಳ್ಳಿ. ಅದೇ ಔಷಧಿ ಬೇರೆ ಸಾಂದ್ರತೆಯಲ್ಲಿ ಬಂದರೆ ಎಂಎಲ್ ಬದಲಾಗುತ್ತದೆ.

ಸಿರಿಂಜಿನಲ್ಲಿ ದೊಡ್ಡ ಬಲೆಯೊಂದಿದೆ. ಅಂಗಡಿಯಲ್ಲಿ "ಸಣ್ಣ ಸಿರಿಂಜ್ ಕೊಡಿ" ಎಂದರೆ ಇನ್ಸುಲಿನ್ ಸಿರಿಂಜ್ ಕೈಗೆ ಕೊಡುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು 40 ಯೂನಿಟ್ಟಿನದು. ಅದರಲ್ಲಿ 40 ಗೆರೆ ಅಂದರೆ ಒಂದು ಎಂಎಲ್. 0.24 ಎಂಎಲ್ ಎಂದು ಭಾವಿಸಿ 24ನೇ ಗೆರೆಗೆ ಎಳೆದರೆ 0.6 ಎಂಎಲ್ ಬರುತ್ತದೆ, ಎರಡೂವರೆ ಪಟ್ಟು. 0.01 ಎಂಎಲ್ ಗೆರೆಗಳಿರುವ, ಸೂಜಿ ತೆಗೆಯಬಹುದಾದ ಒಂದು ಎಂಎಲ್ ಸಿರಿಂಜನ್ನೇ ಕೇಳಿ ಪಡೆಯಿರಿ. ಸೂಜಿಯನ್ನು ಮನೆಗೆ ತರಲೇಬೇಡಿ.

ಐದನೇ ಹೆಜ್ಜೆ: ಕುಡಿಸುವುದು

ಬಾಟಲಿ ಚೆನ್ನಾಗಿ ಅಲುಗಾಡಿಸಿ. ಹಕ್ಕಿಯನ್ನು ತೆಳು ಟವೆಲ್ಲಿನಲ್ಲಿ ಸುತ್ತಿ, ತಲೆಯ ಎರಡೂ ಬದಿಯನ್ನು ಹೆಬ್ಬೆರಳು ಮತ್ತು ತೋರುಬೆರಳಲ್ಲಿ ಹಿಡಿಯಿರಿ. ಎದೆ ಒತ್ತಬೇಡಿ. ಹಕ್ಕಿಗೆ ನಮ್ಮಂತೆ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಇಲ್ಲ, ಎದೆಗೂಡು ಏರಿಳಿದರಷ್ಟೇ ಉಸಿರು. ನಿಲ್ಲಿಸಿದ ಹಾಗೆ ನೇರವಾಗಿ ಹಿಡಿದು, ಸಿರಿಂಜಿನ ತುದಿಯನ್ನು ಹಕ್ಕಿಯ ಎಡಬದಿಯಿಂದ ಕೊಕ್ಕಿನೊಳಗಿಟ್ಟು ಅದರ ಬಲಗಡೆಗೆ ತಿರುಗಿಸಿ. ಅನ್ನನಾಳ ಕತ್ತಿನ ಬಲಕ್ಕಿದೆ. ಒಂದು ಹನಿ, ನುಂಗಲಿ, ಇನ್ನೊಂದು ಹನಿ. ಕೆಮ್ಮಿದರೆ, ಮೂಗಿನಲ್ಲಿ ಗುಳ್ಳೆ ಬಂದರೆ ತಕ್ಷಣ ಬಿಟ್ಟುಬಿಡಿ.

ಕುಡಿಯುವ ನೀರಿಗೆ ಔಷಧಿ ಬೆರೆಸುವುದು ಸುಲಭ ಎನಿಸುತ್ತದೆ. ಆದರೆ ಕಾಯಿಲೆಯ ಹಕ್ಕಿ ನೀರೇ ಮುಟ್ಟದೆ ಇರಬಹುದು, ರುಚಿ ಕಹಿಯಾದರೆ ಇನ್ನೂ ಕಡಿಮೆ. ಡಾಕ್ಟರು ಹೇಳದೆ ಹಾಗೆ ಮಾಡಬೇಡಿ. ನಮ್ಮ ಮರಿ ಎರಡನೇ ದಿನದಿಂದಲೇ ಸಿರಿಂಜ್ ಕಂಡರೆ ಓಡಿಬರುತ್ತಿತ್ತು, ನಿಸ್ಟಾಟಿನ್ ಸಿಹಿ. ಗ್ರೇ ಸಾಕುವ ಗೆಳತಿಯ ಕೈಯಲ್ಲಿ ಈಗಲೂ ಗಾಯದ ಗುರುತಿದೆ, ಅವಳದ್ದು ಬೇರೆ ಔಷಧಿ, ಬೇರೆ ಕೊಕ್ಕು. ದೊಡ್ಡ ಗಿಳಿಗೆ ಖಾಲಿ ಸಿರಿಂಜಿನಲ್ಲಿ ಹಣ್ಣಿನ ರಸ ಕೊಟ್ಟು ಮೊದಲೇ ರೂಢಿ ಮಾಡಿಸಿಡುವುದು ಜಾಣತನ.

ಹಬೆಗೂ ನೆಬ್ಯುಲೈಜರಿಗೂ (ಔಷಧಿಯನ್ನು ಉಸಿರಾಡಲು ಮಂಜಿನಂತೆ ಸಣ್ಣ ಹನಿಯಾಗಿಸುವ ಯಂತ್ರ) ಸಂಬಂಧವಿಲ್ಲ. ಬಿಸಿನೀರಿನ ಹಬೆಯಲ್ಲಿ ಬೂಷ್ಟು ಸಾಯುವುದಿಲ್ಲ, ಹಕ್ಕಿಗೆ ಸೆಕೆ ಹತ್ತುತ್ತದೆ ಅಷ್ಟೇ. ಆಸ್ಪರ್ಜಿಲಸ್‌ಗೆ ಡಾಕ್ಟರು ನೆಬ್ಯುಲೈಜರ್ ಹೇಳಿದರೆ, ಗಾಳಿಚೀಲಕ್ಕೆ ಇಳಿಯುವಷ್ಟು ಸಣ್ಣ ಹನಿ, ಅಂದರೆ ಸುಮಾರು 3 ಮೈಕ್ರಾನ್‌ಗಿಂತ ಕಿರಿದು, ಬರುವ ಯಂತ್ರವೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಔಷಧಿಯೂ ಪ್ರಮಾಣವೂ ಅವರೇ ಹೇಳಿದ್ದು. ನೀವು ಅದೇ ಕೋಣೆಯಲ್ಲಿ ಕೂತು ಉಸಿರಾಡಬೇಡಿ.

ಆರನೇ ಹೆಜ್ಜೆ: ಕಣ್ಣಿಡುವುದು

ತೂಕದ ಪಕ್ಕ ಮೂರು ಸಂಗತಿ ಬರೆಯಿರಿ: ಎಷ್ಟು ತಿಂದಿತು, ಹಿಕ್ಕೆ ಹೇಗಿತ್ತು, ವಾಂತಿಯಾಯಿತೇ. ಹಿಕ್ಕೆಯ ಬಿಳಿ ಭಾಗ ಹಳದಿಗೋ ಹಸಿರಿಗೋ ತಿರುಗಿದರೆ ಲಿವರಿಗೆ ಪೆಟ್ಟು ಬಿದ್ದಿರಬಹುದು. 'ಅಜೋಲ್' ಎಂದು ಮುಗಿಯುವ ಔಷಧಿಗಳಲ್ಲಿ ಈ ಭಯ ಇದ್ದೇ ಇದೆ. ತಿಂಗಳುಗಟ್ಟಲೆ ಕೊಡುವಾಗ ನಡುನಡುವೆ ರಕ್ತ ಪರೀಕ್ಷೆ ಮಾಡಿಸುವುದೂ ಅದಕ್ಕೇ. ಊಟ ಬಿಟ್ಟರೆ ಮುಂದಿನ ಡೋಸ್ ಕೊಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ. ಬಾಯಿ ತೆರೆದು ಉಸಿರಾಡುತ್ತಿದ್ದರೆ, ಪಂಜರದ ತಳದಲ್ಲಿ ಮುದುಡಿ ಕೂತಿದ್ದರೆ ಹಿಡಿಯಲು, ಕುಡಿಸಲು ಹೋಗಬೇಡಿ. ಕತ್ತಲೆ ಮಾಡಿದ, ಗಾಳಿಯಾಡುವ ಡಬ್ಬಿಯಲ್ಲಿಟ್ಟು ಆಸ್ಪತ್ರೆಗೆ ಓಡಿ.

ಲಕ್ಷಣ ಹೋಯಿತೆಂದು ಔಷಧಿ ನಿಲ್ಲಿಸುವುದು ನಾವೆಲ್ಲ ಮಾಡುವ ಕೆಲಸ. ನಮ್ಮ ಮರಿಯ ಮೇವುಚೀಲ ನಾಲ್ಕನೇ ಬೆಳಿಗ್ಗೆಗೇ ಖಾಲಿಯಾಗಿತ್ತು. ಹತ್ತೂ ದಿನ ಕೊಟ್ಟೆ. ಮ್ಯಾಕ್ರೊರ‍್ಯಾಬ್ಡಸ್ ಆದರೆ ಕೋರ್ಸ್ ಮುಗಿದ ಮೇಲೂ ಹಿಕ್ಕೆಯ ಮರುಪರೀಕ್ಷೆ ಬೇಕು, ಅದು ಮತ್ತೆ ಮತ್ತೆ ಮರಳುವ ಪೈಕಿ.

ಏಳನೇ ಹೆಜ್ಜೆ: ಪಂಜರ, ಕಾಳು, ಮಳೆಗಾಲ

ಔಷಧಿ ಕೊಡುತ್ತಾ ಅದೇ ಅಂಟು ಚಮಚದಲ್ಲಿ ಉಣಿಸಿದರೆ ಸೋಂಕು ಸುತ್ತಿ ಬರುತ್ತದೆ. ಉಣಿಸುವ ಸಿರಿಂಜ್, ಚಮಚ, ಬಟ್ಟಲುಗಳನ್ನು ಪ್ರತಿ ಸಲ ಸೋಪಿನಲ್ಲಿ ತೊಳೆದು ಕುದಿಯುವ ನೀರಲ್ಲಿ ಹಾಕಿ. ಮರಿಯ ಗಂಜಿಯನ್ನು ಪ್ರತಿ ಸಲ ಹೊಸದಾಗಿ ಕಲಸಿ, ಉಳಿದದ್ದನ್ನು ಚೆಲ್ಲಿ, ಫ್ರಿಜ್ಜಿನಲ್ಲಿಟ್ಟು ಬಿಸಿ ಮಾಡುವ ಬುದ್ಧಿ ಬೇಡ. ಉಣಿಸುವಾಗ 38ರಿಂದ 41 ಡಿಗ್ರಿ ಸೆಲ್ಸಿಯಸ್ ಬಿಸಿಯಿರಲಿ. ತಣ್ಣಗಿದ್ದರೆ ಮೇವುಚೀಲ ನಿಧಾನವಾಗುತ್ತದೆ, ಯೀಸ್ಟಿಗೆ ಹಬ್ಬ. ಪಂಜರಕ್ಕೆ ಬ್ಲೀಚ್ ಬಳಸುವುದಾದರೆ ಹಕ್ಕಿಯನ್ನು ಬೇರೆ ಕೋಣೆಗೆ ಒಯ್ದು, ಆಮೇಲೆ ನೀರಲ್ಲಿ ಚೆನ್ನಾಗಿ ತೊಳೆದು, ಬಿಸಿಲಿಗಿಟ್ಟು, ವಾಸನೆ ಪೂರ್ತಿ ಹೋದ ಮೇಲೇ ಮರಳಿ ತನ್ನಿ.

ಆಷಾಢದ ಮಳೆಯಲ್ಲಿ ಮಲೆನಾಡು, ಕರಾವಳಿಯ ಮನೆಗಳಲ್ಲಿ ಚಪ್ಪಲಿಯ ಮೇಲೂ ಬೂಷ್ಟು ಬರುತ್ತದೆ, ಇನ್ನು ಕಾಳಿನ ಚೀಲ ಯಾವ ಲೆಕ್ಕ! ಸೂರ್ಯಕಾಂತಿ, ನವಣೆ, ಸಜ್ಜೆ ಒಟ್ಟಿಗೆ ಐದು ಕಿಲೋ ತಂದಿಡಬೇಡಿ. ಎರಡು ವಾರಕ್ಕಾಗುವಷ್ಟು ತಂದು, ಒಣ ಡಬ್ಬಿಯಲ್ಲಿ ಮುಚ್ಚಿಡಿ. ಸಿಪ್ಪೆ ಸಮೇತ ಕಡಲೆಕಾಯಿ ಗಿಳಿಗೆ ಬಲು ಪ್ರೀತಿ, ಆದರೆ ಬೂಷ್ಟು ಅವಿತಿರುವ ಜಾಗ ಅದೇ. ನಾನು ಒಡೆದು, ಒಳಗಿನ ಬೀಜ ನೋಡಿ, ಮೂಸಿ ಕೊಡುತ್ತೇನೆ. ಕಮಟು ವಾಸನೆ ಬಂದರೆ ಇಡೀ ಚೀಲ ಆಚೆಗೆ. ಪಂಜರದ ತಳಕ್ಕೆ ಹುಲ್ಲು, ಮರದ ಹೊಟ್ಟು, ಜೋಳದ ದಿಂಡಿನ ಪುಡಿ ಬಿಟ್ಟು ಹಳೇ ಪೇಪರ್ ಹಾಕಿ, ದಿನಾ ಬದಲಿಸಿ.

ತಟ್ಟೆಯಲ್ಲಿ ಕಾಳಿನ ಪಾಲು ಇಳಿಸಿ ಕ್ಯಾರೆಟ್, ಸಿಹಿಕುಂಬಳ, ನುಗ್ಗೆಸೊಪ್ಪು, ಕೆಂಪು ದಪ್ಪಮೆಣಸಿನಕಾಯಿ ಸೇರಿಸಿ. ಇವುಗಳಿಂದ ಸಿಗುವ ವಿಟಮಿನ್ ಎ ಬಾಯಿ, ಮೂಗು, ಮೇವುಚೀಲದ ಒಳಪದರವನ್ನು ಗಟ್ಟಿಯಾಗಿಡುತ್ತದೆ, ಫಂಗಸ್ ಕಾಲೂರುವುದು ಆ ಪದರ ಸವೆದಾಗಲೇ. ನಮ್ಮ ಕಾಕಟೀಲ್ ಕ್ಯಾರೆಟ್ಟನ್ನು ಮೂರು ವಾರ ಪಂಜರದಿಂದ ಆಚೆ ಎಸೆಯಿತು. ನಾಲ್ಕನೇ ವಾರ ನಾನು ಅದರ ಮುಂದೆ ಕೂತು ತುರಿದ ಕ್ಯಾರೆಟ್ ತಿನ್ನತೊಡಗಿದಾಗ, ಕಂಬಿಯ ಸಂದಿಯಿಂದ ಕೊಕ್ಕು ಚಾಚಿ ನನ್ನ ತಟ್ಟೆಯಿಂದಲೇ ಎಳೆದುಕೊಂಡಿತು. ಈಗ 94 ಗ್ರಾಂ.